ಗಂಟೆ ಕಟ್ಟಿದರೆ ಸಾಲದು, ಬಾರಿಸುತ್ತದೆಯೇ ನೋಡಿ!



ಹೊಟ್ಟೆಪಾಡಿಗೆ ಬೆಂಗಳೂರು ಸೇರಿದ್ದ ಐದು ಜನ ದುಡಿಯುವ ಗಂಡಸರು 2018ರ ಜನವರಿ 8ರ ನಸುಕಿನಲ್ಲಿ ಬೆಂಕಿಗೆ ಬಲಿಯಾದರು. ಕೆ.ಆರ್. ಮಾರುಕಟ್ಟೆ ಹತ್ತಿರದ ಕುಂಬಾರ ಸಂಘದ ಕಟ್ಟಡದಲ್ಲಿದ್ದ ಬಾರೊಂದರ ಕೆಲಸಗಾರರು ಅವರು. ಗಿರಾಕಿಗಳೆಲ್ಲ ಹೋದ ಮೇಲೆ ಒಳಗೇ ಮಲಗಿದ್ದರು. ಸತ್ತವರಲ್ಲಿ ನಮ್ಮ ತುಮಕೂರು ಜಿಲ್ಲೆಯವರಿದ್ದರು, ಹಾಸನದವರಿದ್ದರು, ಮಂಡ್ಯದವರಿದ್ದರು. ಅಂದರೆ ನಮ್ಮ ನಿಮ್ಮ ಮನೆಯ ಹುಡುಗರು. ಊರಲ್ಲಿ ಹೊಲ ಸಾಲದೆ, ಮಳೆ ಸಾಲದೆ, ಬಸ್ಸು ಹತ್ತಿದವರು.

2010ರ ಫೆಬ್ರವರಿ 23ನ್ನು ಮರೆತಿರಾ? ಹಳೆಯ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್. ಹಾಡುಹಗಲು. ಹೊಗೆ ಮಹಡಿ ಮಹಡಿ ತುಂಬಿತು. ಉಸಿರು ಕಟ್ಟಿದವರು ಕಿಟಕಿ ಗಾಜು ಒಡೆದರು, ಮೇಲಿನಿಂದ ಜಿಗಿದರು. 9 ಜನ ಸತ್ತರು. 2021ರ ಸೆಪ್ಟೆಂಬರ್ 21ರಂದು ಬನ್ನೇರುಘಟ್ಟ ರಸ್ತೆ ಕಡೆಯ ದೇವರಚಿಕ್ಕನಹಳ್ಳಿಯ ಅಪಾರ್ಟ್‌ಮೆಂಟಿನಲ್ಲಿ ತಾಯಿ ಮಗಳು ಇಬ್ಬರೂ ಬೆಂದುಹೋದರು. ಕಳ್ಳರ ಭಯಕ್ಕೆ ನಾವೆಲ್ಲ ಹಾಕಿಸುವ ಆ ಬಾಲ್ಕನಿ ಗ್ರಿಲ್ಲೇ ಅಂದು ಹೊರದಾರಿ ಮುಚ್ಚಿತು. 2025ರ ಆಗಸ್ಟ್ 16ರ ಬೆಳಗಿನ ಜಾವ ನಗರತ್‌ಪೇಟೆಯ ಕಟ್ಟಡವೊಂದಕ್ಕೆ ಬೆಂಕಿ ಬಿತ್ತು. ಐವರು ಸತ್ತರು, ಅವರಲ್ಲಿ ಇಬ್ಬರು ಎಳೆಯ ಮಕ್ಕಳು. ರಾಜಸ್ಥಾನದಿಂದ ಬದುಕಲು ಬಂದಿದ್ದ ಒಂದು ಸಂಸಾರ ಸತ್ತವರಲ್ಲಿತ್ತು. ಹೊಗೆ ಯಾರ ತಾಯಿನುಡಿಯನ್ನೂ ಕೇಳುವುದಿಲ್ಲ ಬಂಧುಗಳೇ!

ಪ್ರತಿ ಸಾರಿಯೂ ನಡೆಯುವುದು ಒಂದೇ ನಾಟಕ. ಮಂತ್ರಿಗಳು ಬರುತ್ತಾರೆ, ಪರಿಹಾರ ಘೋಷಿಸುತ್ತಾರೆ, ತನಿಖೆ ಎನ್ನುತ್ತಾರೆ. ಹದಿನೈದು ದಿನಕ್ಕೆ ಎಲ್ಲ ತಣ್ಣಗೆ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವುದು ಸರ್ಕಾರದ ಅಭ್ಯಾಸ. ಅದು ನಮ್ಮ ಅಭ್ಯಾಸವೂ ಆಗಬೇಕೆ? ಈ ಸಲ ನಾನು ಸರ್ಕಾರವನ್ನು ಬಯ್ಯಲು ಪೆನ್ನು ಹಿಡಿದಿಲ್ಲ. ನಿಮ್ಮ ತಲೆಯ ಮೇಲಿನ ಸೂರನ್ನು ಒಮ್ಮೆ ನೋಡಿ ಎಂದು ಹೇಳಲು ಹಿಡಿದಿದ್ದೇನೆ. ಅಲ್ಲಿ ಬಿಳಿಯ ಬಟ್ಟಲಿನಂಥ ಒಂದು ವಸ್ತು ಇದೆಯೇ? ಇದ್ದರೆ ಅದು ಜೀವಂತವಾಗಿದೆಯೇ, ಸತ್ತಿದೆಯೇ?

ಅದರ ಹೆಸರು ಸ್ಮೋಕ್ ಅಲಾರಂ. ನಾನು ಅದನ್ನು ಹೊಗೆಗಂಟೆ ಎನ್ನುತ್ತೇನೆ. ಒಪ್ಪಿದರೆ ನೀವೂ ಹಾಗೇ ಕರೆಯಿರಿ.

ಮೂಗು ಮಲಗುತ್ತದೆ, ಕಿವಿ ಕಾಯುತ್ತದೆ

ನಾನು ಅಮೃತೂರಿನಲ್ಲಿ ಪ್ರಿಂಟಿಂಗ್ ಪ್ರೆಸ್ ಇಟ್ಟುಕೊಂಡವನು. ಓದು ಪಿಯುಸಿಗೆ ಮುಗಿಯಿತು. ಲಗ್ನಪತ್ರಿಕೆ, ಬಿಲ್ ಪುಸ್ತಕ, ಜಾತ್ರೆಯ ಕರಪತ್ರ ಅಚ್ಚು ಹಾಕುವವನಿಗೆ ಬೆಂಕಿಯ ಮಾತೇಕೆ ಎಂದೀರಿ. ನಮ್ಮ ಕಸುಬಿನವರಿಗೆ ಬೆಂಕಿಯ ಭಯ ಯಾರೂ ಹೇಳಿಕೊಡಬೇಕಿಲ್ಲ. ಸುತ್ತ ಕಾಗದದ ರೀಮು, ಪಕ್ಕದಲ್ಲಿ ಇಂಕಿನ ಡಬ್ಬ, ರೋಲರ್ ತೊಳೆಯುವ ಸೀಮೆಎಣ್ಣೆ, ಒರೆಸಿ ಬಿಸಾಡಿದ ಎಣ್ಣೆಬಟ್ಟೆ. ಕಾಗದದ ಕಟ್ಟಿಗೆ ಕಿಡಿ ಬಿದ್ದರೆ ತಕ್ಷಣ ಭಗ್ಗನೆ ಉರಿಯುವುದಿಲ್ಲ. ಒಳಗೊಳಗೇ ಕರಗುಟ್ಟುತ್ತದೆ, ಗಂಟೆಗಟ್ಟಲೆ ಹೊಗೆಯಾಡುತ್ತದೆ, ಗಾಳಿ ಸಿಕ್ಕ ಕ್ಷಣ ಎದ್ದು ನಿಲ್ಲುತ್ತದೆ. ನಿಮ್ಮ ಹಾಸಿಗೆ, ದಿಂಬು, ಸೋಫಾದ ಕಥೆಯೂ ಇದೇ.

ಮನೆಯ ಬೆಂಕಿಯಲ್ಲಿ ಜನ ಸಾಯುವುದು ಬಹುಪಾಲು ಉರಿಯಿಂದಲ್ಲ, ಹೊಗೆಯಿಂದ. ಹೊಗೆಯೊಳಗೆ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಗಾಳಿ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಉಸಿರಿನ ಜೊತೆ ಒಳಗೆ ಹೋಗಿ ರಕ್ತದಲ್ಲಿ ಪ್ರಾಣವಾಯುವಿನ ಜಾಗ ಹಿಡಿಯುತ್ತದೆ. ತಲೆ ತಿರುಗುತ್ತದೆ, ಕೈಕಾಲು ಸೋಲುತ್ತದೆ, ನಿದ್ದೆಯಲ್ಲಿದ್ದವನು ನಿದ್ದೆಯಲ್ಲೇ ಹೋಗುತ್ತಾನೆ. ‘ಹೊಗೆ ಬಂದರೆ ವಾಸನೆಗೆ ಎಚ್ಚರವಾಗುತ್ತದೆ ಬಿಡಿ’ ಎನ್ನುವವರು ಬಹಳ ಜನ. ಇದು ತಪ್ಪು ಲೆಕ್ಕ. ನಿದ್ದೆ ಹತ್ತಿದಾಗ ಮೂಗು ಮಲಗಿಬಿಡುತ್ತದೆ. ಕಿವಿ ಮಾತ್ರ ಅರೆ ಎಚ್ಚರದಲ್ಲಿ ಕಾಯುತ್ತದೆ. ಮೂಗಿನ ಕೆಲಸವನ್ನು ತಾನು ಮಾಡಿ ಕಿವಿಗೆ ಮುಟ್ಟಿಸುವುದೇ ಈ ಹೊಗೆಗಂಟೆಯ ಕಸುಬು.

ಇದರಲ್ಲಿ ಎರಡು ಜಾತಿ. ಒಂದರೊಳಗೆ ಸಣ್ಣ ಬೆಳಕಿನ ಕಿರಣ ಇರುತ್ತದೆ. ಹೊಗೆಯ ಕಣ ಒಳಹೊಕ್ಕಾಗ ಬೆಳಕು ಚೆದುರಿ ಗಂಟೆ ಬಾರಿಸುತ್ತದೆ. ಕರಗುಟ್ಟುವ ಬೆಂಕಿಯನ್ನು ಇದು ಬೇಗ ಹಿಡಿಯುತ್ತದೆ. ಇದಕ್ಕೆ ಫೋಟೋಎಲೆಕ್ಟ್ರಿಕ್ ಎಂದು ಹೆಸರು. ಇನ್ನೊಂದರಲ್ಲಿ ಅಮೆರಿಸಿಯಂ ಎಂಬ ವಿಕಿರಣ ವಸ್ತುವಿನ ಒಂದು ಚೂರು ಇರುತ್ತದೆ. ಭಗ್ಗೆಂದು ಉರಿಯುವ ಬೆಂಕಿಗೆ ಇದು ಚುರುಕು, ಆದರೆ ಒಗ್ಗರಣೆ ಹೊಗೆಗೂ ಬೇಗ ಕೂಗುತ್ತದೆ. ಹಾಸಿಗೆ, ಕಾಗದ, ಬಟ್ಟೆ ತುಂಬಿದ ನಮ್ಮ ಮನೆಗೆ ಮೊದಲನೆಯದು ವಾಸಿ ಎಂಬುದು ನನ್ನ ಅಭಿಪ್ರಾಯ.

‘ನಮ್ಮದು ಕಾಂಕ್ರೀಟ್ ಮನೆ, ನಮಗೇಕೆ?’

ಇದು ಎಲ್ಲರೂ ಎತ್ತುವ ತಕರಾರು. ಅಮೆರಿಕದವರದು ಮರದ ಮನೆ, ಅವರಿಗೆ ಬೇಕು, ನಮಗೆ ಬೇಡ! ಮಾತು ಅರ್ಧ ನಿಜ. ಗೋಡೆ ಸುಡುವುದಿಲ್ಲ. ಆದರೆ ಗೋಡೆಯೊಳಗೆ ಏನಿಟ್ಟಿದ್ದೀರಿ?

ನಮ್ಮ ಅಜ್ಜನ ಕಾಲದ ತೊಟ್ಟಿಮನೆ ನೆನಪು ಮಾಡಿಕೊಳ್ಳಿ. ಹಂಚಿನ ಸಂದಿ, ಗವಾಕ್ಷಿ, ನಡುವೆ ಆಕಾಶ ಕಾಣುವ ತೊಟ್ಟಿ. ಸೌದೆ ಒಲೆಯ ಹೊಗೆಯೇ ಇಡೀ ಮನೆ ತಿರುಗಿ ಹೊರಗೆ ಹೋಗುತ್ತಿತ್ತು. ಹತ್ತಿಯ ಹಾಸಿಗೆ, ಮರದ ಮಂಚ. ಈಗಿನ ಬೆಂಗಳೂರಿನ ರೂಮು ನೋಡಿ. ಹತ್ತು ಅಡಿಗೆ ಹತ್ತು ಅಡಿ. ಫೋಮ್ ಹಾಸಿಗೆ, ಪ್ಲಾಸ್ಟಿಕ್ ಕುರ್ಚಿ, ಪಾಲಿಯೆಸ್ಟರ್ ಪರದೆ. ಸೊಳ್ಳೆಗೆ ಹೆದರಿ ಮುಚ್ಚಿದ ಕಿಟಕಿ, ಕಳ್ಳನಿಗೆ ಹೆದರಿ ಜಡಿದ ಗ್ರಿಲ್. ಒಂದೇ ಪ್ಲಗ್ಗಿಗೆ ನಾಲ್ಕು ಮೊಬೈಲು, ಬಾಗಿಲ ಪಕ್ಕ ರಾತ್ರಿಯಿಡೀ ಚಾರ್ಜಿಗೆ ಹಾಕಿದ ಎಲೆಕ್ಟ್ರಿಕ್ ಸ್ಕೂಟರ್ ಬ್ಯಾಟರಿ. ಬೆಂಕಿ ಹೊತ್ತಲು ಎಲ್ಲ ಇದೆ, ಹೊಗೆ ಹೋಗಲು ಸಂದಿಯಿಲ್ಲ!

ಅಮೆರಿಕದ ಯುಎಲ್ ಎಂಬ ಪರೀಕ್ಷಾ ಸಂಸ್ಥೆಯವರು ಎರಡು ಕೋಣೆ ಕಟ್ಟಿ ಬೆಂಕಿ ಇಟ್ಟು ನೋಡಿದರು. ಹಳೆಯ ಕಾಲದ ಹತ್ತಿ, ಮರದ ಸಾಮಾನು ಇದ್ದ ಕೋಣೆ ಪೂರ್ತಿ ಹೊತ್ತಿಕೊಳ್ಳಲು ಅರ್ಧ ಗಂಟೆಯ ಹತ್ತಿರ ಹಿಡಿಯಿತು. ಈಗಿನ ಫೋಮು, ಪ್ಲಾಸ್ಟಿಕ್ಕಿನ ಕೋಣೆ ನಾಲ್ಕು ನಿಮಿಷದೊಳಗೆ ಹೊತ್ತಿಕೊಂಡಿತು. ನಾಲ್ಕು ನಿಮಿಷದಲ್ಲಿ ಯಾವ ಅಗ್ನಿಶಾಮಕ ಬಂಡಿ ಬಂದೀತು? ಬೆಂಗಳೂರಿನ ಟ್ರಾಫಿಕ್ ನಿಮಗೆ ಗೊತ್ತು. ನಮ್ಮಂಥ ಹೋಬಳಿ ಊರಿಗೆ ಕುಣಿಗಲ್ ಕಡೆಯಿಂದ ಬಂಡಿ ಬರುವ ಹೊತ್ತಿಗೆ ಬೂದಿ ಬಾಚುವುದಷ್ಟೇ ಉಳಿದಿರುತ್ತದೆ. ಬಂಡಿಯವರ ತಪ್ಪಲ್ಲ, ದಾರಿಯ ಲೆಕ್ಕ. ಆ ನಾಲ್ಕು ನಿಮಿಷವನ್ನು ನಿಮಗೆ ಉಳಿಸಿಕೊಡುವುದು ಸೂರಿನ ಮೇಲಿನ ಗಂಟೆ ಮಾತ್ರ.

ಕಟ್ಟಿ ಮರೆತ ಗಂಟೆ

ಗಂಟೆ ತಂದು ಕಟ್ಟಿದರೆ ಆಯಿತೇ? ಇಲ್ಲ! ಕಟ್ಟಿದ ಮೇಲೆ ಮರೆಯುವುದೇ ನಮ್ಮ ದೊಡ್ಡ ರೋಗ. ಅಮೆರಿಕದ ರಾಷ್ಟ್ರೀಯ ಅಗ್ನಿ ಸುರಕ್ಷಾ ಸಂಘದ ಲೆಕ್ಕ ಹೇಳುವುದು ಇದು: ಅಲ್ಲಿ ಮನೆಬೆಂಕಿಗೆ ಸತ್ತ ಐವರಲ್ಲಿ ಸುಮಾರು ಮೂವರು ಅಲಾರಂ ಇಲ್ಲದ, ಇಲ್ಲವೇ ಇದ್ದೂ ಕೆಲಸ ಮಾಡದ ಮನೆಯವರು. ಕೆಲಸ ಮಾಡದಿರಲು ಮುಖ್ಯ ಕಾರಣವೇನು? ಸೆಲ್ ತೆಗೆದಿಟ್ಟದ್ದು, ಇಲ್ಲವೇ ಸೆಲ್ ಸತ್ತದ್ದು. ಮನೆ ಮನೆಗೂ ಅಲಾರಂ ಇರುವ ದೇಶದ ಕಥೆಯೇ ಹೀಗಾದರೆ ನಮ್ಮ ಗತಿಯೇನು?

ಏಕೆ ತೆಗೆಯುತ್ತಾರೆ? ಹೊರದೇಶದಲ್ಲಿರುವ ನಮ್ಮ ಕನ್ನಡ ಸಂಸಾರಗಳನ್ನು ಕೇಳಿ. ಬಾಣಲೆಗೆ ಸಾಸಿವೆ, ಒಣಮೆಣಸಿನಕಾಯಿ ಬಿದ್ದ ಕೂಡಲೇ ಸೂರಿನಲ್ಲಿ ಕಿರುಚಾಟ. ಮಗು ಎದ್ದು ಅಳುತ್ತದೆ, ಪಕ್ಕದ ಮನೆಯವರು ಇಣುಕುತ್ತಾರೆ. ಒಮ್ಮೆ ಟವೆಲ್ ಬೀಸುತ್ತಾರೆ, ಎರಡನೇ ಸಲ ಪ್ಲಾಸ್ಟಿಕ್ ಚೀಲ ಮುಚ್ಚುತ್ತಾರೆ, ಮೂರನೇ ಸಲ ಸೆಲ್ ಕಿತ್ತು ಟಿವಿ ರಿಮೋಟಿಗೆ ಹೊಂದುತ್ತದೆಯೇ ಎಂದು ನೋಡುತ್ತಾರೆ! ಬೊಗಳುವ ನಾಯಿಯ ಬಾಯಿ ಕಟ್ಟಿ ಕಳ್ಳನಿಗೆ ಬಾಗಿಲು ತೆರೆದಿಟ್ಟ ಹಾಗೆ.

ಒಗ್ಗರಣೆ ಬಿಡಬೇಕಾಗಿಲ್ಲ, ಗಂಟೆಯ ಜಾಗ ಬದಲಿಸಿ. ಒಲೆಯಿಂದ ಕನಿಷ್ಠ 3 ಮೀಟರ್, ಅಂದರೆ ಹತ್ತು ಅಡಿ ದೂರ ಇರಲಿ. ದೇವರಮನೆಯ ಸಾಂಬ್ರಾಣಿ, ಊದುಬತ್ತಿಯ ನೇರಕ್ಕೂ, ಬಚ್ಚಲ ಬಾಗಿಲ ಹಬೆಗೂ ಬೇಡ. ಫ್ಯಾನಿನ ರೆಕ್ಕೆಯ ತುದಿಯಿಂದ ಒಂದು ಮೀಟರಿನಷ್ಟು ಆಚೆ ಇರಲಿ, ಇಲ್ಲವಾದರೆ ಗಾಳಿ ಹೊಗೆಯನ್ನು ಅದರ ಹತ್ತಿರ ಬಿಡುವುದಿಲ್ಲ. ಮಲಗುವ ಕೋಣೆಯೊಳಗೊಂದು, ಅದರ ಹೊರಗೊಂದು, ಮಹಡಿಯಿದ್ದರೆ ಮಹಡಿಗೊಂದು. ಹೊಗೆ ಮೇಲೇರುವುದರಿಂದ ಸೂರೇ ಸರಿಯಾದ ಜಾಗ. ಗೋಡೆಗೆ ಹಾಕುವುದಾದರೆ ಸೂರಿನಿಂದ ಒಂದಡಿಯೊಳಗೆ. ಒಂದನ್ನಷ್ಟೇ ಕೊಳ್ಳುವ ಶಕ್ತಿಯಿದ್ದರೆ ಅದು ಮಲಗುವ ಜಾಗದ ಹತ್ತಿರ ಇರಲಿ.

ಇನ್ನೊಂದು ಮಾತು. ಹೊಗೆಗಂಟೆಗೆ ಗ್ಯಾಸ್ ಸೋರಿಕೆ ತಿಳಿಯುವುದಿಲ್ಲ. ಅಡುಗೆ ಅನಿಲ ಗಾಳಿಗಿಂತ ಭಾರ, ನೆಲದಲ್ಲಿ ಹರಡುತ್ತದೆ. ಅದಕ್ಕೆ ಬೇರೆ ಯಂತ್ರ, ಅದನ್ನು ನೆಲದ ಹತ್ತಿರ ಹಾಕಬೇಕು. ಗ್ಯಾಸ್ ವಾಸನೆ ಬಂದರೆ ಲೈಟಿನ ಸ್ವಿಚ್ ಮುಟ್ಟಬೇಡಿ, ಹಾಕಲೂ ಬೇಡ, ಆರಿಸಲೂ ಬೇಡ. ರೆಗ್ಯುಲೇಟರ್ ಮುಚ್ಚಿ, ಕಿಟಕಿ ಬಾಗಿಲು ತೆರೆದು ಹೊರಗೆ ಹೋಗಿ 1906ಕ್ಕೆ ಫೋನ್ ಮಾಡಿ.

ಬಾಡಿಗೆಯ ದಿನ ಒಂದು ಒತ್ತು, ಆಯುಧಪೂಜೆಗೆ ಒಂದು ಸೆಲ್

ಆರೈಕೆ ಕಷ್ಟವೇ? ಲೆಕ್ಕ ಹಾಕಿ ನೋಡಿ. ಗಂಟೆಯ ಮೇಲೆ ಒಂದು ಗುಂಡಿ ಇರುತ್ತದೆ. ತಿಂಗಳಿಗೊಮ್ಮೆ ಒತ್ತಬೇಕು. ಕೈಗೆಟುಕದಿದ್ದರೆ ಪೊರಕೆಯ ಹಿಡಿಯಿಂದ ಒತ್ತಿ. ಜೋರಾಗಿ ಕೂಗಿದರೆ ಬದುಕಿದೆ, ಇಲ್ಲವಾದರೆ ಸತ್ತಿದೆ. ದಿನ ನೆನಪಿಡುವುದು ಹೇಗೆ? ಬಾಡಿಗೆ ಕೊಡುವ ದಿನವನ್ನು ಓನರ್ ಮರೆಯಲು ಬಿಡುತ್ತಾನೆಯೇ? ಅದೇ ದಿನ ಒತ್ತಿ!

ವರ್ಷಕ್ಕೊಮ್ಮೆ ಸೆಲ್ ಬದಲಿಸಬೇಕು. ಇದಕ್ಕೆ ನಮಗೊಂದು ಹಬ್ಬವೇ ಇದೆಯಲ್ಲ. ಆಯುಧಪೂಜೆಗೆ ಪ್ರೆಸ್ಸಿನಲ್ಲಿ ಮೆಷಿನ್ ತೊಳೆದು, ಎಣ್ಣೆ ಬಿಟ್ಟು, ಕುಂಕುಮ ಹಚ್ಚುತ್ತೇವೆ. ನೀವು ಬೈಕು, ಲ್ಯಾಪ್‌ಟಾಪಿಗೆ ಹೂವಿಡುತ್ತೀರಿ. ಪ್ರಾಣ ಕಾಯುವ ಆಯುಧಕ್ಕೂ ಅಂದೇ ಸೇವೆ ಸಲ್ಲಲಿ. ಹಳೆಯ ಸೆಲ್ ತೆಗೆದು ಹೊಸದು ಹಾಕಿ. ಒಣ ಬ್ರಷ್ಷಿನಿಂದ ಧೂಳು, ಜೇಡರ ಬಲೆ ತೆಗೆಯಿರಿ. ನೀರು ಬೇಡ, ಸ್ಪ್ರೇ ಬೇಡ, ಅದರ ತೂತುಗಳಿಗೆ ಕುಂಕುಮವೂ ಬೇಡ! ಮನೆಗೆ ಸುಣ್ಣಬಣ್ಣ ಬಳಿಯುವಾಗ ಅದರ ಮೇಲೂ ಬಣ್ಣ ಎಳೆಯುವ ಪೇಂಟರುಗಳಿದ್ದಾರೆ. ಬಣ್ಣ ಮೆತ್ತಿದ ಗಂಟೆ ಮೂಗು ಮುಚ್ಚಿದ ನಾಯಿ. ಹತ್ತಿರ ನಿಂತು ನೋಡಿಕೊಳ್ಳಿ.

ನಿಮಿಷಕ್ಕೊಮ್ಮೆ ಪಿಕ್... ಪಿಕ್... ಎನ್ನುತ್ತಿದೆಯೇ? ಅದು ಬೆಂಕಿಯ ಕೂಗಲ್ಲ, ಹಸಿವಿನ ಕೂಗು. ಸೆಲ್ ಮುಗಿಯುತ್ತ ಬಂತು ಎಂದರ್ಥ. ಕಿತ್ತು ಡ್ರಾಯರಿಗೆ ಹಾಕಬೇಡಿ, ಅಂಗಡಿಗೆ ಹೋಗಿ. ಕೆಲವು ಹೊಸ ಗಂಟೆಗಳಲ್ಲಿ ಹತ್ತು ವರ್ಷ ಬಾಳುವ ಸೆಲ್ಲನ್ನು ಒಳಗೇ ಬೆಸೆದಿರುತ್ತಾರೆ. ಅವನ್ನೂ ತಿಂಗಳಿಗೊಮ್ಮೆ ಒತ್ತಿ ನೋಡಲೇಬೇಕು. ಯಾವುದಾದರೂ ಸರಿ, ಹತ್ತು ವರ್ಷವಾದ ಮೇಲೆ ಇಡೀ ಗಂಟೆಯನ್ನೇ ಬದಲಿಸಬೇಕು, ಒಳಗಿನ ಇಂದ್ರಿಯ ಮಂಕಾಗುತ್ತದೆ. ತಯಾರಾದ ತಾರೀಕು ಹಿಂಬದಿಯಲ್ಲಿ ಅಚ್ಚಾಗಿರುತ್ತದೆ, ತಿರುಗಿಸಿ ಓದಿ.

ಓನರನ್ನು ಕೇಳಿ, ಅಸೋಸಿಯೇಷನ್ನನ್ನೂ ಕೇಳಿ

ಇಂಗ್ಲೆಂಡಿನಲ್ಲಿ 2015ರಿಂದ ಬಾಡಿಗೆ ಮನೆಯ ಪ್ರತಿ ಮಹಡಿಗೂ ಹೊಗೆಗಂಟೆ ಕಡ್ಡಾಯ. ಹೊಸ ಬಾಡಿಗೆ ಶುರುವಾಗುವ ದಿನ ಅದು ಕೆಲಸ ಮಾಡುತ್ತದೆ ಎಂದು ಮಾಲೀಕನೇ ಪರೀಕ್ಷಿಸಿ ಕೊಡಬೇಕು. ನಮ್ಮಲ್ಲಿ? ರಾಷ್ಟ್ರೀಯ ಕಟ್ಟಡ ಸಂಹಿತೆ 15 ಮೀಟರ್ ಮತ್ತು ಅದಕ್ಕೂ ಎತ್ತರದ್ದನ್ನು ಬಹುಮಹಡಿ ಎಂದು ಕರೆದು ಕಟ್ಟಳೆ ಹೇಳುತ್ತದೆ. ಸಣ್ಣ ಮನೆ, ಔಟ್‌ಹೌಸು, ಮೂರು ಮಹಡಿಯ ಬಾಡಿಗೆ ರೂಮುಗಳಿಗೆ ಹೊಗೆಗಂಟೆ ಕಡ್ಡಾಯವಿಲ್ಲ. ನಮ್ಮ ಹುಡುಗರು ಇರುವುದು ಅಲ್ಲೇ ತಾನೇ? ಹತ್ತು ತಿಂಗಳ ಅಡ್ವಾನ್ಸ್ ಕೇಳುವ ಓನರಿಗೆ ಒಂದು ಗಂಟೆ ಹಾಕಿಸಲು ಹೇಳುವುದಕ್ಕೆ ಸಂಕೋಚವೇಕೆ? ಒಪ್ಪದಿದ್ದರೆ ರೂಮಿನ ನಾಲ್ಕು ಜನ ಸೇರಿ ಹಾಕಿ. ಒಂದು ಭಾನುವಾರದ ಸಿನಿಮಾ, ಬಿರಿಯಾನಿಯ ಖರ್ಚು. ಖಾಲಿ ಮಾಡುವಾಗ ಬಿಚ್ಚಿಕೊಂಡು ಹೋಗಿ.

ದೊಡ್ಡ ಅಪಾರ್ಟ್‌ಮೆಂಟಿನಲ್ಲಿದ್ದರೆ ಕೆಳಗಿನ ಸೆಕ್ಯುರಿಟಿ ರೂಮಿಗೆ ಹೋಗಿ ಅಲಾರಂ ಪ್ಯಾನೆಲ್ ನೋಡಿ. ಕೆಂಪು, ಹಳದಿ ದೀಪ ಮಿನುಗುತ್ತಿದ್ದರೂ ಸದ್ದು ಅಡಗಿಸಿ ಕೂತಿದ್ದಾರೆಯೇ? ಮುಂದಿನ ಮೀಟಿಂಗಿನಲ್ಲಿ ಎದ್ದು ನಿಂತು ಕೇಳಿ: ಕೊನೆಯ ಸಲ ಪರೀಕ್ಷೆ ಮಾಡಿದ್ದು ಯಾವತ್ತು, ಬರೆದಿಟ್ಟ ಪುಸ್ತಕ ಎಲ್ಲಿ? ಕಾರ್ಲ್‌ಟನ್ ದುರಂತದಲ್ಲಿ ತಮ್ಮವರನ್ನು ಕಳೆದುಕೊಂಡವರು ಅಳುತ್ತ ಕೂರಲಿಲ್ಲ. ‘ಬಿಯಾಂಡ್ ಕಾರ್ಲ್‌ಟನ್’ ಎಂಬ ಸಂಘಟನೆ ಕಟ್ಟಿ ಇಂಥ ಪ್ರಶ್ನೆ ಕೇಳುತ್ತ ಬಂದರು. ಸತ್ತವರ ಮನೆಯವರು ಕೇಳುವ ಮೊದಲೇ ಬದುಕಿರುವವರು ಕೇಳಬಾರದೇ?

ಗಂಟೆಗೆ ಭಾಷೆಯಿಲ್ಲ, ಚೀಟಿಗೆ ಇದೆ

ಈಗ ನಮ್ಮ ನುಡಿಯ ಮಾತಿಗೆ ಬರೋಣ. ಇದು ಅಭಿಮಾನದ ಪ್ರಶ್ನೆಯಷ್ಟೇ ಅಲ್ಲ, ಪ್ರಾಣದ ಪ್ರಶ್ನೆ. ಹೊಗೆಗಂಟೆಯ ಕಿರುಚಾಟ ಎಲ್ಲರಿಗೂ ಒಂದೇ. ಆದರೆ ಪೆಟ್ಟಿಗೆಯೊಳಗಿನ ಚೀಟಿ? ಅಚ್ಚಿನವನ ಕಣ್ಣಿಂದ ಇಂಥ ಒಂದು ಚೀಟಿ ನೋಡಿದ್ದೇನೆ. ಇರುವೆ ಸಾಲಿನಷ್ಟು ಸಣ್ಣ ಅಕ್ಷರ, ಇಂಗ್ಲಿಷ್ ಬಿಟ್ಟರೆ ಚೀನಿ. ಕನ್ನಡದ ಒಂದಕ್ಷರವಿಲ್ಲ. ಹಗಲೆಲ್ಲ ಮನೆಯಲ್ಲಿರುವುದು ಯಾರು? ಕನ್ನಡವಷ್ಟೇ ಬಲ್ಲ ಅಜ್ಜಿ, ಮೊಮ್ಮಗು, ಕೆಲಸಕ್ಕೆ ಬರುವ ಅಮ್ಮ. ಪಿಕ್ ಎಂದರೆ ಸೆಲ್, ಕಿರುಚಿದರೆ ಬೆಂಕಿ ಎಂದು ಅವರಿಗೆ ಹೇಳಿದವರು ಯಾರು?

2011ರ ಕೇಂದ್ರದ ಪೊಟ್ಟಣ ಸರಕು ನಿಯಮ ನೋಡಿ. ಬೆಲೆ, ತೂಕ, ತಯಾರಕರ ವಿವರ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಇದ್ದರೆ ಸಾಕು, ಬೇರೆ ಭಾಷೆ ಕಂಪನಿಯವರಿಗೆ ಇಷ್ಟವಿದ್ದರೆ ಮಾತ್ರ! ನಮ್ಮ ರಾಜ್ಯ ‘ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ, 2022’ ತಂದಿತು, ಸಂತೋಷ. ರಾಜ್ಯದಲ್ಲಿ ತಯಾರಾದ ಸರಕಿನ ಹೆಸರು, ಬಳಕೆಯ ವಿವರ ಕನ್ನಡದಲ್ಲೂ ಇರಬೇಕು ಎನ್ನುತ್ತದೆ ಅದು. ಆದರೆ ಹಡಗಿನಲ್ಲಿ ಬಂದ, ಹೊರರಾಜ್ಯದಲ್ಲಿ ತಯಾರಾದ ಗಂಟೆಗೆ? ಇಲ್ಲಿ ಮಾರುವ ಯಾವುದೇ ಸುರಕ್ಷತೆಯ ಸಾಮಾನಿಗೆ ಕನ್ನಡದ ಚೀಟಿ ಇರಬೇಕು ಎಂದು ನಾವು ಒತ್ತಾಯಿಸಲೇಬೇಕು. ಬೋರ್ಡಿನ ಮೇಲಿನ ಕನ್ನಡ ಎಷ್ಟು ಮುಖ್ಯವೋ ಬೆಂಕಿಯ ಮುಂದಿನ ಕನ್ನಡ ಅದಕ್ಕಿಂತ ಮುಖ್ಯ.

ಅಲ್ಲಿಯವರೆಗೆ ಕೈಕಟ್ಟಿ ಕೂರುವುದೇ? ಬೇಡ. ಚೀಟಿ ನಾವೇ ಬರೆದುಕೊಳ್ಳೋಣ. ಕೆಳಗಿನದನ್ನು ಕತ್ತರಿಸಿ ಮನೆಯ ಬಾಗಿಲ ಹಿಂದೆ ಅಂಟಿಸಿ. ಹತ್ತು ಜೆರಾಕ್ಸ್ ಮಾಡಿಸಿ ಪಕ್ಕದ ರೂಮಿನವರಿಗೂ ಕೊಡಿ. ಬಳಗದ ಗೆಳೆಯರು ಮುಂದಿನ ರಾಜ್ಯೋತ್ಸವದ ಕರಪತ್ರದ ಹಿಂಬದಿಯಲ್ಲಿ ಇದನ್ನು ಅಚ್ಚು ಹಾಕಿಸಲಿ. ಹಿಂಬದಿ ಹೇಗೂ ಖಾಲಿಯೇ ಇರುತ್ತದೆ!

* ತಿಂಗಳಿಗೊಮ್ಮೆ ಗುಂಡಿ ಒತ್ತಿ. ವರ್ಷಕ್ಕೊಮ್ಮೆ ಸೆಲ್. ಹತ್ತು ವರ್ಷಕ್ಕೆ ಹೊಸ ಗಂಟೆ.
* ಪಿಕ್ ಪಿಕ್ ಎಂದರೆ ಸೆಲ್ ಮುಗಿದಿದೆ. ಬಿಡದೆ ಕಿರುಚಿದರೆ ಹೊಗೆ ಇದೆ.
* ಅಡುಗೆ ಹೊಗೆಗೆ ಕಿರುಚಿದರೆ ಕಿಟಕಿ ತೆರೆಯಿರಿ, ಸೆಲ್ ತೆಗೆಯಬೇಡಿ.
* ರಾತ್ರಿ ಕಿರುಚಿದರೆ ಎಲ್ಲರನ್ನೂ ಎಬ್ಬಿಸಿ. ಬಗ್ಗಿ, ತೆವಳಿ ನಡೆಯಿರಿ, ಒಳ್ಳೆಯ ಗಾಳಿ ನೆಲದ ಹತ್ತಿರ ಇರುತ್ತದೆ.
* ಬಾಗಿಲು ಬಿಸಿ ಇದ್ದರೆ ತೆರೆಯಬೇಡಿ. ಹೊರಗೆ ಬಂದ ಮೇಲೆ ಬಾಗಿಲು ಎಳೆದು ಮುಚ್ಚಿ.
* ಲಿಫ್ಟ್ ಬೇಡ, ಮೆಟ್ಟಿಲು. ಒಡವೆ, ಮೊಬೈಲಿಗೆಂದು ಮತ್ತೆ ಒಳಗೆ ಹೋಗಬೇಡಿ.
* ಗ್ರಿಲ್ಲಿನ ಬೀಗದ ಕೈ ಅದರ ಹತ್ತಿರವೇ, ಮನೆಯವರಿಗೆಲ್ಲ ಗೊತ್ತಿರುವ ಮೊಳೆಗೆ ನೇತುಹಾಕಿ.
* ಹೊರಗೆ ಬಂದು 112 ಅಥವಾ 101ಕ್ಕೆ ಫೋನ್ ಮಾಡಿ. ವಿಳಾಸ ಕನ್ನಡದಲ್ಲೇ ಹೇಳಿ.

ತಮ್ಮಂದಿರೇ, ತಂಗಿಯರೇ, ಕುಣಿಗಲ್, ಗುಬ್ಬಿ, ತುರುವೇಕೆರೆ ಕಡೆಯಿಂದ ದಿನಾ ಬಸ್ಸು ತುಂಬಿ ನಮ್ಮ ಮಕ್ಕಳು ಬೆಂಗಳೂರಿಗೆ ಇಳಿಯುತ್ತಾರೆ. ಊರಲ್ಲಿ ತಾಯಂದಿರು ಫೋನ್ ಮಾಡಿ ಊಟ ಆಯಿತೇ, ಮಲಗಿದೆಯಾ ಎಂದು ಕೇಳುತ್ತಾರೆ. ಬೆಳಿಗ್ಗೆ ಎದ್ದೆಯಾ ಎಂದು ಕೇಳುವಾಗಲೂ ನಿಮ್ಮಿಂದ ಉತ್ತರ ಹೋಗಬೇಕು. ನುಡಿಗಾಗಿ ಹೋರಾಡಲು ಮೊದಲು ಉಸಿರಿರಬೇಕು. ಈ ಪತ್ರಿಕೆ ಮಡಚಿ ಎದ್ದು ಹೋಗಿ, ಆ ಗುಂಡಿ ಒತ್ತಿ. ಗಂಟೆಯೇ ಇಲ್ಲವೆಂದಾದರೆ ಈ ವಾರವೇ ಒಂದು ತನ್ನಿ.